ವಂಶವೃಕ್ಷದಲ್ಲಿ ಬರೆಯತಕ್ಕದ್ದೇನು, ಬಿಡತಕ್ಕದ್ದೇನು?

ಕಳೆದ ವರುಷ ದೀಪಾವಳಿಯ ರಜೆಗೆ ನಮ್ಮ ಕಿರಿಯ ಮಗ ಶಾಲೆಯಿಂದ ಒಂದು ಕೆಲಸ ಹೊತ್ತು ತಂದ. ದೊಡ್ಡ ಹಾಳೆಯ ಮೇಲೆ ಒಂದು ಮರ ಬರೆಯಬೇಕು; ಅದರ ಕೊಂಬೆಗಳಲ್ಲಿ ತಂದೆ-ತಾಯಿ, ಅಜ್ಜ-ಅಜ್ಜಿ, ಮುತ್ತಜ್ಜ-ಮುತ್ತಜ್ಜಿ ಇವರ ಹೆಸರು ತುಂಬಬೇಕು. ಮುತ್ತಜ್ಜನವರೆಗೆ ನಮ್ಮ ಲೇಖನಿ ಸರಾಗವಾಗಿ ಓಡಿತು. ಮುತ್ತಜ್ಜಿಯ ಹೆಸರಿಗೆ ಬಂದಾಗ ನಿಂತಿತು. ಒಳಗೆ ಪತ್ರಿಕೆ ಓದುತ್ತ ಕುಳಿತಿದ್ದ ತಂದೆಯವರನ್ನು ಕೇಳಿದೆವು. ಅವರು ಕನ್ನಡಕ ತೆಗೆದು ಬಹಳ ಹೊತ್ತು ಯೋಚಿಸಿ, “ಆಕಿಗೆ ಊರಾಗೆಲ್ಲ ಅವ್ವ ಅಂತಿದ್ರಪಾ. ಹೆಸರು ಯಾರು ಕೇಳ್ಯಾರ?” ಎಂದರು.

ಎಂಟು ಮಕ್ಕಳನ್ನು ಹೆತ್ತು, ಐವರನ್ನು ಉಳಿಸಿಕೊಂಡು, ಒಂದು ಮನೆತನವನ್ನೇ ನಿಲ್ಲಿಸಿದ ಹೆಣ್ಣುಮಗಳ ಹೆಸರು ಆಕೆಯ ಮೊಮ್ಮಗನಿಗೇ ಗೊತ್ತಿಲ್ಲ! ಪುಣೆಗೆ ಬಂದು ಎರಡು ತಲೆಮಾರಾದ ನಮಗೆ ಅಂದು ಮನಸ್ಸಿಗೆ ಚುಚ್ಚಿದಂತಾಯಿತು. ಊರಲ್ಲೇ ಉಳಿದವರಿಗೆ ಹೊಲ, ಮನೆ, ಗುಡಿಯ ಕಟ್ಟೆ, ಇವೇ ಹಿರಿಯರನ್ನು ನೆನಪಿಗೆ ತರುತ್ತವೆ. ಊರು ಬಿಟ್ಟ ನಮಗಾದರೋ ಬರೆದಿಟ್ಟುದಷ್ಟೇ ಆಸ್ತಿ. ಆದುದರಿಂದ ನಾವೂ, ಹೈದರಾಬಾದು ಚೆನ್ನೈಗಳಲ್ಲಿರುವ ನಮ್ಮ ದಾಯಾದಿ ಬಂಧುಗಳೂ ಸೇರಿ, ಅಂತರ್ಜಾಲದಲ್ಲಿ ಎಲ್ಲರೂ ಕೂಡಿ ಕಟ್ಟುವ ವಂಶವೃಕ್ಷವೊಂದರಲ್ಲಿ ನಮ್ಮ ಮನೆತನವನ್ನು ಬರೆಯಲು ಆರಂಭಿಸಿದೆವು. ಆ ಕೆಲಸದಲ್ಲಿ ನಾವು ಕಲಿತದ್ದನ್ನೂ, ಮಾಡಿದ ಒಂದು ದೊಡ್ಡ ತಪ್ಪನ್ನೂ ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮನೆಯ ವಹಿ, ಊರ ಮರ

ವಂಶಾವಳಿ ಬರೆದಿಡುವುದು ನಮಗೇನೂ ಹೊಸದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತನ್ನೇರಿ ಬಂದು, ಮನೆಯಂಗಳದಲ್ಲಿ ನಿಂತು, ಆ ಮನೆಯ ತಲೆಮಾರುಗಳನ್ನು ಒಂದೊಂದಾಗಿ ಹೇಳಿ, ಕಾಳು-ಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಹರಿದ್ವಾರದ ಪಂಡರ ವಹಿಗಳಲ್ಲಿ ಯಾತ್ರೆಗೆ ಬಂದವರ ಹೆಸರು, ಊರು, ಸಂಗಡಿಗರ ವಿವರಗಳು ತಲೆತಲಾಂತರದಿಂದ ದಾಖಲಾಗಿವೆ. 1894ರಲ್ಲಿ ಅಮೆರಿಕದಲ್ಲಿ ಸ್ಥಾಪನೆಗೊಂಡ ಯೂಟಾ ವಂಶಾವಳಿ ಸಂಘದವರು ಆ ವಹಿಗಳಲ್ಲಿ ಎಷ್ಟನ್ನೋ ಫಿಲ್ಮಿಗೆ ಇಳಿಸಿದರು. ಅವು ಇಂದು ಅವರ ಫ್ಯಾಮಿಲಿಸರ್ಚ್ ಎಂಬ ತಾಣದಲ್ಲಿ ಸೇರಿವೆ.

ಈಗ ಬಂದಿರುವ ಸಾಮೂಹಿಕ ವಂಶವೃಕ್ಷಗಳ ರೀತಿಯೇ ಬೇರೆ. 2007ರಲ್ಲಿ ಬಂದ ಜೆನಿ, 2008ರಲ್ಲಿ ಆರಂಭವಾದ ವಿಕಿಟ್ರೀ, ಮೇಲೆ ಹೇಳಿದ ಫ್ಯಾಮಿಲಿಸರ್ಚಿನ ಮರ ಇವುಗಳಲ್ಲಿ ಮನೆಗೊಂದು ಮರವಲ್ಲ. ಲೋಕಕ್ಕೆಲ್ಲ ಒಂದೇ ಮರ. ಒಬ್ಬ ಮನುಷ್ಯನಿಗೆ ಒಂದೇ ಪುಟ. ನಮಗೆ ಮುತ್ತಜ್ಜನಾದವನು ಇನ್ನೊಬ್ಬರಿಗೆ ಸೋದರಮಾವ, ಮತ್ತೊಬ್ಬರಿಗೆ ಬೀಗರ ತಂದೆ. ಅವರೆಲ್ಲರೂ ಅದೇ ಪುಟಕ್ಕೆ ಬಂದು ಬರೆಯಬಹುದು, ತಿದ್ದಬಹುದು. ತಿದ್ದಿದ್ದು ಯಾರು, ಯಾವಾಗ ಎಂಬುದು ನಮ್ಮ ಕಚೇರಿಯ ಆವಕ-ಜಾವಕ ವಹಿಯಂತೆ ದಾಖಲಾಗುತ್ತ ಹೋಗುತ್ತದೆ.

ಇದರಿಂದ ಲಾಭವೂ ಉಂಟು, ತೊಡಕೂ ಉಂಟು. ಮನೆಯ ವಹಿಯಲ್ಲಿ ನಾವು ಏನು ಬರೆದರೂ ಅದು ಟ್ರಂಕಿನಲ್ಲಿ ಭದ್ರ. ಊರ ಮರದಲ್ಲಿ ಬರೆದುದು ಊರೆಲ್ಲ ಓದುವ ಸಂಗತಿ. ಈ ಭೇದ ನಮಗೆ ಬುದ್ಧಿಗೆ ತಿಳಿದಿತ್ತು, ಅನುಭವಕ್ಕೆ ಬಂದಿರಲಿಲ್ಲ.

ನಮ್ಮಿಂದಾದ ತಪ್ಪು

ಅಜ್ಜನವರದೊಂದು ಕೆಂಪು ಬಟ್ಟೆಯ ರಟ್ಟಿನ ವಹಿ ನಮ್ಮಲ್ಲಿತ್ತು. ಹುಟ್ಟು, ಸಾವು, ಮದುವೆ, ಎತ್ತು ಕೊಂಡದ್ದು, ಸಾಲ ತೀರಿಸಿದ್ದು ಎಲ್ಲವನ್ನೂ ಅವರು ಅದರಲ್ಲಿ ಬರೆದಿಟ್ಟಿದ್ದರು. ನಾವು ಗುಮಾಸ್ತಗಿರಿಯ ಅಭ್ಯಾಸದವರು. ಕಡತ ಕಂಡರೆ ನಕಲು ತೆಗೆಯದೆ ಬಿಡುವವರಲ್ಲ. ರಾತ್ರಿ ಊಟವಾದ ಮೇಲೆ ದಿನಕ್ಕೆ ಎರಡು ಪುಟದಂತೆ ಮರಕ್ಕೆ ಏರಿಸುತ್ತ ಬಂದೆವು.

ಬದುಕಿರುವವರ ವಿವರ ಹೊರಗಿನವರಿಗೆ ಕಾಣದಂತೆ ಆ ತಾಣದಲ್ಲಿ ವ್ಯವಸ್ಥೆ ಇದೆ. ಅದನ್ನು ನಾವು ಚಾಚೂ ತಪ್ಪದೆ ಪಾಲಿಸಿದೆವು. ನಮ್ಮ ದೊಡ್ಡಪ್ಪನವರು ತೀರಿಕೊಂಡು ಹಲವು ವರುಷಗಳಾದುದರಿಂದ ಅವರ ಪುಟ ಮಾತ್ರ ಎಲ್ಲರಿಗೂ ತೆರೆದಿತ್ತು. ಆ ಪುಟದಲ್ಲಿ ಅಜ್ಜನವರ ವಹಿಯಲ್ಲಿದ್ದ ಒಂದು ಸಾಲನ್ನು ಇದ್ದದ್ದು ಇದ್ದಂತೆ ಇಳಿಸಿದೆವು: ಮಕ್ಕಳಿಲ್ಲದ್ದರಿಂದ 1980ರಲ್ಲಿ ಹೆಂಡತಿಯ ತಂಗಿಯ ಎರಡು ವರುಷದ ಕೂಸನ್ನು ದತ್ತಕ ತೆಗೆದುಕೊಂಡದ್ದು.

ಆ ಕೂಸು ಈಗ ಹೈದರಾಬಾದಿನಲ್ಲಿರುವ ನಮ್ಮ ಅಣ್ಣ. ಅವನಿಗೆ ವಿಷಯ ಗೊತ್ತಿತ್ತು. ಹಿರಿಯರಿಗೆಲ್ಲ ಗೊತ್ತಿತ್ತು. ಅವನ ಮಕ್ಕಳಿಗೆ ಗೊತ್ತಿರಲಿಲ್ಲ.

ಪುಷ್ಯ ಮಾಸದ ಒಂದು ರಾತ್ರಿ ಹನ್ನೊಂದು ಗಂಟೆಗೆ ಅವನ ಮಗಳ ಫೋನು ಬಂತು. ಎಂಜಿನಿಯರಿಂಗ್ ಓದುವ ಹುಡುಗಿ. ಮರ ಕಟ್ಟುವ ಕೆಲಸದಲ್ಲಿ ನಮಗಿಂತ ಹೆಚ್ಚು ಉತ್ಸಾಹ ಅವಳದೇ. “ಕಾಕಾ, ದೊಡ್ಡಜ್ಜನ ಪುಟದಾಗ ಬರದದ್ದು ಖರೆ ಏನು?” ಎಂದಳು. ನಮಗೆ ಒಮ್ಮೆಲೆ ಅರ್ಥವಾಗಲಿಲ್ಲ. ಅರ್ಥವಾದಾಗ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಹೇಳಿದಳು: “ಊರಾಗಿನ ಸಣ್ಣಜ್ಜಿ ತೀರಿಕೊಂಡಾಗ ಪರೀಕ್ಷಾ ಇತ್ತಂತ ನಾ ಹೋಗಲಿಲ್ಲ ಕಾಕಾ. ಗೊತ್ತಿದ್ದರ ಹೋಗತಿದ್ದೆ.”

ಅವಳು ಸಣ್ಣಜ್ಜಿ ಎಂದು ಕರೆಯುತ್ತಿದ್ದ, ಪ್ರತಿ ವರುಷ ರೊಟ್ಟಿ, ಶೇಂಗಾದ ಚಟ್ನಿಯ ಗಂಟು ಕಳಿಸುತ್ತಿದ್ದ ಆ ಮುದುಕಿಯೇ ಅವಳ ತಂದೆಯನ್ನು ಹೆತ್ತವಳು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಆ ಸಾಲನ್ನು ಕೂಡಲೇ ಅಳಿಸಿದೆವು. ಆದರೆ ಅಳಿಸಿದ್ದೂ ತಿದ್ದುಪಡಿಯ ದಾಖಲೆಯಲ್ಲಿ ಉಳಿಯುತ್ತದೆ. ಇನ್ನು ಓದಿದ ಹುಡುಗಿಯ ಮನಸ್ಸಿನಿಂದ ಅಳಿಸುವುದಂತೂ ದೂರದ ಮಾತು. ನಾವು ಬರೆದುದು ಸುಳ್ಳೆ? ಅಲ್ಲ. ಆಧಾರವಿಲ್ಲದ್ದೆ? ಅಜ್ಜನ ಸ್ವಂತ ಅಕ್ಷರವೇ ಆಧಾರ. ತಾಣದ ನಿಯಮ ಮೀರಿದ್ದೆ? ಅದೂ ಅಲ್ಲ. ಹಾಗಿದ್ದರೂ ಒಂದು ಮನೆಯ ನಾಲ್ಕು ಜನ ಊಟ ಬಿಟ್ಟು ಕುಳಿತರು.

ಅತ್ತೆಯವರ ತೀರ್ಪು

ಯುಗಾದಿಗೆ ಎಲ್ಲರೂ ಊರಿಗೆ ಹೋಗಿದ್ದೆವು. ಅಣ್ಣನ ಮುಖ ನೋಡಲು ನಮಗೆ ಧೈರ್ಯವಿರಲಿಲ್ಲ. ಅವನೇ ಹತ್ತಿರ ಬಂದು ಕುಳಿತು, “ನೀ ಬರದದ್ದು ಸುಳ್ಳಲ್ಲ ತಮ್ಮಾ. ಆದರ ಅದನ್ನ ಹೇಳಬೇಕಾದವ ನಾ ಇದ್ದೆ” ಎಂದ. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಎಂಬತ್ತನಾಲ್ಕು ವರುಷದ ನಮ್ಮ ಹಿರಿಯ ಸೋದರತ್ತೆ ಗೋಡೆಗೆ ಒರಗಿ ಎಲೆ-ಅಡಿಕೆ ಹಾಕುತ್ತ ಎಲ್ಲವನ್ನೂ ಕೇಳುತ್ತಿದ್ದರು. ಅವರೆಂದರು: “ಹೆಳವ ಬಂದು ನಮ್ಮ ಮನಿ ವಂಶ ನಮ್ಮ ಅಂಗಳದಾಗ ಓದತಿದ್ದ. ಮನಿಯವರೆಲ್ಲ ಕುಂತು ಕೇಳತಿದ್ದಿವಿ. ತಪ್ಪಿದ್ರ ಅಲ್ಲೇ ತಿದ್ದತಿದ್ದಿವಿ. ನೀವು ಯಾರನ್ನ ಕುಂದರಿಸಿಕೊಂಡು ಓದಿದ್ರಿ?”

ಮರದ ಸಂಗತಿಯೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ ಎಂಬುದು ನಮ್ಮ ಅಭಿಪ್ರಾಯ. ಅದೇ ದಿನ ಸಂಜೆ ಬೇವು-ಬೆಲ್ಲ ತಿಂದ ಬಾಯಲ್ಲೇ ನಾವೆಲ್ಲ ಕುಳಿತು, ಏನು ಬರೆಯಬೇಕು, ಏನು ಬಿಡಬೇಕು ಎಂದು ಕೆಲವು ನಿಯಮ ಗೊತ್ತುಮಾಡಿಕೊಂಡೆವು. ಉಳಿದ ಮನೆತನಗಳಿಗೂ ಉಪಯೋಗವಾದೀತೆಂದು ಇಲ್ಲಿ ಕೊಡುತ್ತೇವೆ.

ಬಿಡತಕ್ಕದ್ದು

ಮೊದಲನೆಯದು, ಬದುಕಿರುವವರ ಸಂಗತಿ. ಅದನ್ನು ಹೇಳುವ ಹಕ್ಕು ಅವರದೇ. ಅವರ ಪುಟದಲ್ಲಷ್ಟೇ ಅಲ್ಲ, ಸತ್ತವರ ಪುಟದಲ್ಲಿಯೂ ಬದುಕಿರುವವರ ಗುಟ್ಟು ಬಯಲಾಗುವಂತಿದ್ದರೆ ಬರೆಯಕೂಡದು. ನಾವು ಎಡವಿದ್ದು ಇಲ್ಲೇ. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಮಾತು. ಸರಕಾರದ ಎದುರಿಗೆ ಕೇಳುವ ಹಕ್ಕನ್ನು ನಮ್ಮ ಅಣ್ಣ-ತಮ್ಮಂದಿರಿಗೆ ನಾವೇ ಕೊಡದಿದ್ದರೆ ಹೇಗೆ?

ಎರಡನೆಯದು, ಜನ್ಮಕುಂಡಲಿ, ಪೂರ್ತಿ ಹುಟ್ಟಿದ ತಾರೀಖು, ಮನೆಯ ವಿಳಾಸ, ದೂರವಾಣಿ. ತಾಯಿಯ ತವರುಮನೆಯ ಅಡ್ಡಹೆಸರನ್ನು ಗುರುತಿನ ಪ್ರಶ್ನೆಯಾಗಿ ಕೇಳುವ ಪದ್ಧತಿ ಬ್ಯಾಂಕುಗಳಲ್ಲಿ ಬಹಳ ಕಾಲದಿಂದ ಇದೆ. ಬದುಕಿರುವವರ ಈ ವಿವರಗಳನ್ನು ಬಯಲಿಗಿಡುವುದೆಂದರೆ ಕೀಲಿಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ.

ಮೂರನೆಯದು, ರೋಗ-ರುಜಿನ. ಯಾರಿಗೆ ಬುದ್ಧಿ ಭ್ರಮಣೆಯಾಗಿತ್ತು, ಯಾರಿಗೆ ಕ್ಷಯವಿತ್ತು ಎಂಬುದು ಅಜ್ಜನ ವಹಿಯಲ್ಲಿರಲಿ, ಮರಕ್ಕೆ ಬೇಡ. ಮದುವೆಯ ಮಾತುಕತೆಯ ಕಾಲಕ್ಕೆ ಇಂಥದನ್ನು ಹುಡುಕುವವರು ಈಗಲೂ ಇದ್ದಾರೆ. ಆದರೆ 1898ರ ಪ್ಲೇಗಿನಲ್ಲಿ, 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಹೋದವರ ಸಂಗತಿ ಬೇರೆ. ಅದು ಮನೆಯ ಗುಟ್ಟಲ್ಲ, ನಾಡಿನ ಚರಿತ್ರೆ. ಅದನ್ನು ಬರೆಯತಕ್ಕದ್ದೇ.

ನಾಲ್ಕನೆಯದು, ಆಸ್ತಿಯ ತಕರಾರು. ಹೊಲದ ಪಾಲಿಗಾಗಿ ಕಂದಾಯ ಇಲಾಖೆಯಿಂದ ಪಡೆಯುವ ವಂಶವೃಕ್ಷ ಬೇರೆ, ಇದು ಬೇರೆ. ಯಾರು ಯಾರ ಬದು ಒತ್ತಿದರೆಂಬುದು ಇಲ್ಲಿ ಬಂದರೆ ಮರ ಹೋಗಿ ಕಟಕಟೆಯಾದೀತು.

ಐದನೆಯದು, ಇನ್ನೊಬ್ಬರ ಬರಹ. ಹಳೆಯ ಪತ್ರದ ಕಾಗದ ನಮ್ಮ ಪೆಟ್ಟಿಗೆಯಲ್ಲಿದ್ದರೂ ಅದರೊಳಗಿನ ಬರಹ ಬರೆದವರದು. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಬರೆದವರು ತೀರಿಕೊಂಡ ನಂತರವೂ 60 ವರುಷ ಆ ಹಕ್ಕು ಅವರ ವಾರಸುದಾರರಿಗೆ ಇರುತ್ತದೆ. ಕೇಳಿ ಹಾಕುವುದು ಲೇಸು.

ಬರೆಯತಕ್ಕದ್ದು

ಇಷ್ಟೆಲ್ಲ ಬಿಟ್ಟ ಮೇಲೆ ಉಳಿಯುವುದೇನು ಎಂದು ವಾಚಕರು ಕೇಳಬಹುದು. ಬಹಳ ಉಳಿಯುತ್ತದೆ.

ಸತ್ತವರ ಹೆಸರು, ಊರು, ಹುಟ್ಟು-ಸಾವಿನ ಕಾಲ, ಕಸುಬು, ಯಾರ ಮಕ್ಕಳು, ಯಾರನ್ನು ಮದುವೆಯಾದರು ಎಂಬಿವು ಮೊದಲು. ಪ್ರತಿಯೊಂದರ ಕೆಳಗೂ ಅದು ನಮಗೆ ಹೇಗೆ ತಿಳಿಯಿತೆಂಬುದನ್ನು ಬರೆಯಬೇಕು: ಅಜ್ಜನ ವಹಿಯ ಇಂತಹ ಪುಟ, ಶಾಲೆಯ ದಾಖಲೆ, ಅತ್ತೆಯವರು ಇಂಥ ದಿನ ಹೇಳಿದ್ದು ಎಂದು. ಬಾಯಿಮಾತೂ ಆಧಾರವೇ, ಆದರೆ ಬಾಯಿಮಾತೆಂದೇ ಬರೆಯಬೇಕು. ಕಚೇರಿಯಲ್ಲಿ ಆಧಾರವಿಲ್ಲದ ಟಿಪ್ಪಣಿ ಮೇಲಧಿಕಾರಿಯ ಮೇಜಿನಿಂದ ತಿರುಗಿ ಬರುವಂತೆ, ಇಲ್ಲಿಯೂ ಆಧಾರವಿಲ್ಲದ ಮಾತು ನಾಳೆ ಯಾರಾದರೊಬ್ಬರಿಂದ ತಿರುಗಿ ಬರುತ್ತದೆ.

ತಾರೀಖಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನಮ್ಮ ಮುತ್ತಜ್ಜ ಶುಭಕೃತ್ ಸಂವತ್ಸರದ ಮಾಘ ಮಾಸದಲ್ಲಿ ಹುಟ್ಟಿದರೆಂದು ವಹಿಯಲ್ಲಿದೆ. ಸಂವತ್ಸರ 60 ವರುಷಕ್ಕೊಮ್ಮೆ ಮರಳಿ ಬರುತ್ತದೆ. ಶುಭಕೃತ್ 1842ರಲ್ಲಿಯೂ ಬಂತು, 1902ರಲ್ಲಿಯೂ ಬಂತು, 1962ರಲ್ಲಿಯೂ ಬಂತು. ಅವರ ಹಿರಿಯ ಮಗ ಹುಟ್ಟಿದ್ದು 1924ರಲ್ಲಾದ್ದರಿಂದ ನಡುವಿನದೇ ಸರಿ. ಆದರೆ ಸಂವತ್ಸರ ಯುಗಾದಿಯಿಂದ ಯುಗಾದಿಗೆ ಸಾಗುವಂಥದು. ಮಾಘವೆಂದರೆ ಅದರ ಕೊನೆಯ ಭಾಗ. ಆದುದರಿಂದ 1902 ಎಂದು ಬರೆದರೆ ತಪ್ಪು. 1903ರ ಆರಂಭ ಎಂದು ಬರೆಯಬೇಕು. ಇನ್ನು ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿದ್ದರೆ, ಅದು ತಾಯಿ ಹೆತ್ತ ದಿನವೋ ಮಾಸ್ತರರು ಶಾಲೆಗೆ ಸೇರಿಸಿಕೊಳ್ಳುವಾಗ ಹಾಕಿದ ದಿನವೋ ಎಂದು ಸಂಶಯಪಡುವುದು ಕ್ಷೇಮ.

ಊರಿನ ಹೆಸರೂ ಹಾಗೆಯೇ. ನಮ್ಮೂರು ರೋಣ ತಾಲೂಕಿನದು. ಮುತ್ತಜ್ಜ ಹುಟ್ಟಿದಾಗ ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ; 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು; 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು; 1997ರಿಂದ ಗದಗ ಜಿಲ್ಲೆ. ಆಯಾ ಕಾಲದ ಜನ ಆಯಾ ಊರನ್ನು ಏನೆಂದು ಕರೆಯುತ್ತಿದ್ದರೋ ಹಾಗೆ ಬರೆಯಬೇಕೆಂದು ವಿಕಿಟ್ರೀಯವರ ನಿಯಮ. ನಮಗೂ ಅದೇ ಸರಿ ಕಂಡಿತು.

ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವುದು ನಮ್ಮ ವಾಡಿಕೆ. ಒಂದೇ ಹೆಸರಿನ ಮೂವರು ಒಂದೇ ಮನೆಯಲ್ಲಿರುವುದುಂಟು. ದೂರದ ಬಂಧುವೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಇಬ್ಬರನ್ನು ಒಬ್ಬನೆಂದು ಕೂಡಿಸಿಬಿಟ್ಟು, ಅಜ್ಜ ತೀರಿಹೋದ ಹನ್ನೆರಡು ವರುಷಕ್ಕೆ ಮದುವೆಯಾದಂತೆ ಮಾಡಿದ್ದರು! ಆಧಾರ ತೋರಿಸಿದಾಗ ಅವರೇ ನಕ್ಕು ಬಿಡಿಸಿದರು. ಜಗಳಕ್ಕಿಂತ ಆಧಾರ ಮೇಲು.

ಹೆಣ್ಣುಮಕ್ಕಳ ಹೆಸರಿಗಂತೂ ಮುಖ್ಯ ಸ್ಥಾನ ಸಲ್ಲಬೇಕು. ಮದುವೆಯಾದ ಮೇಲೆ ಅಡ್ಡಹೆಸರಷ್ಟೇ ಅಲ್ಲ, ಇಟ್ಟ ಹೆಸರೂ ಬದಲಾಗುವ ಪದ್ಧತಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿತ್ತು. ಒಬ್ಬಳೇ ಅಜ್ಜಿ ತವರಿನ ಕಡತದಲ್ಲಿ ಒಂದು ಹೆಸರು, ಅತ್ತೆಮನೆಯಲ್ಲಿ ಇನ್ನೊಂದು. ಹುಟ್ಟಿನ ಹೆಸರನ್ನು ಮೊದಲು ಬರೆದು, ಮತ್ತೊಂದನ್ನು ಪಕ್ಕದಲ್ಲಿ ಬರೆದರೆ ಎರಡೂ ಮನೆಯವರಿಗೆ ಅವಳು ಸಿಗುತ್ತಾಳೆ. ನಮ್ಮ ಮುತ್ತಜ್ಜಿಯ ಹೆಸರನ್ನು ಕೊನೆಗೆ ಹೇಳಿದವರು ಸೋದರತ್ತೆಯೇ. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದರೆ, “ನೀವು ಕೇಳಿದ್ರೇನು?” ಎಂದರು.

ಸೂರ್ಯವಂಶ, ಚಂದ್ರವಂಶ, ವಿಜಯನಗರದ ಅರಸರ ಸಂಬಂಧ ಎಂಬ ಮಾತುಗಳನ್ನು ಮರದ ಕೊಂಬೆಗೆ ಕಟ್ಟಬಾರದು. ಮನೆಯ ನಂಬಿಕೆ ಎಂದು ಬೇರೆಯಾಗಿ ಬರೆದಿಡಬಹುದು. ಹಾಗೆಯೇ ಗುಣಗಾನವೂ ಬೇಡ. “ಮಹಾ ದಾನಿಗಳು” ಎನ್ನುವುದಕ್ಕಿಂತ “ಊರ ಬಾವಿಗೆ ಕಲ್ಲು ಕೊಟ್ಟರು” ಎಂದು ಬರೆದರೆ ಓದುವವನಿಗೆ ಮನುಷ್ಯ ಕಾಣುತ್ತಾನೆ.

ಮುಚ್ಚಿಟ್ಟರೂ ತಪ್ಪೆ

ಇಲ್ಲಿಗೆ ಮುಗಿಸಿದರೆ, ನೋವಿನ ಮಾತನ್ನೆಲ್ಲ ಬಿಡಬೇಕೆಂದು ನಾವು ಹೇಳಿದಂತಾದೀತು. ಹಾಗಲ್ಲ. ಋಷಿಮೂಲ, ನದೀಮೂಲ ಹುಡುಕಬಾರದೆಂಬ ಗಾದೆ ಉಂಟು. ಆದರೆ ಹುಡುಕಿದವನಿಗೆ ಎಂಥ ಸತ್ಯ ಎದುರಾಗಬಹುದೆಂಬುದನ್ನು 1965ರಲ್ಲಿ ಹೊರಬಂದ ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿ ಓದಿದವರು ಬಲ್ಲರು. ಕುಲದ ಶುದ್ಧಿಯನ್ನೇ ನಂಬಿ ಬಾಳಿದ ಶ್ರೋತ್ರಿಯರು ತಮ್ಮ ಹುಟ್ಟಿನ ನಿಜವನ್ನು ಎದುರಿಸಬೇಕಾಗುತ್ತದೆ.

ಅಜ್ಜನವರ ಪೆಟ್ಟಿಗೆಯ ತಳದಲ್ಲಿ ಮೋಡಿ ಲಿಪಿಯ ಒಂದು ಒತ್ತೆ ಪತ್ರವಿತ್ತು. ಇಲ್ಲಿಯೇ ಪುಣೆಯಲ್ಲಿ ಬಲ್ಲವರೊಬ್ಬರಿಂದ ಓದಿಸಿದೆವು. 1936ರ ಪತ್ರ. ಎರಡು ಎಕರೆ ಹೊಲ ಒತ್ತೆಯಿಟ್ಟವಳು ಮುತ್ತಜ್ಜನ ತಂಗಿ. ಕೆಳಗೆ ಅವಳ ಹೆಬ್ಬೆಟ್ಟಿನ ಗುರುತು. ಇಂಥವಳೊಬ್ಬಳಿದ್ದಳೆಂದು ನಮ್ಮ ತಂದೆಯವರೂ ಕೇಳಿರಲಿಲ್ಲ. ಸೋದರತ್ತೆ ಮಾತ್ರ ಬಲ್ಲವರಾಗಿದ್ದರು. ಎಳೆಯ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು. ಅವಳ ಜೀವನಾಂಶಕ್ಕೆಂದು ತಂದೆ ಕೊಟ್ಟ ಹೊಲ ಅದು. ಅದನ್ನು ಒತ್ತೆಯಿಟ್ಟು ಅವಳು ಅಣ್ಣನ ಮಗನನ್ನು, ಎಂದರೆ ನಮ್ಮ ಅಜ್ಜನನ್ನು, ಗದಗಿಗೆ ಇಂಗ್ಲಿಷು ಓದಲು ಕಳಿಸಿದಳು. ಮುಂದೆ ಕೆಲವು ವರುಷಕ್ಕೆ ಉಡಿಕೆಯಾಗಿ ಗಂಡನೊಡನೆ ಸೋಲಾಪುರದ ಗಿರಣಿಯ ಕಡೆಗೆ ಹೋದಳು. ಮನೆತನಕ್ಕೆ ಕುಂದೆಂದು ಮನೆಯವರು ಅವಳ ಹೆಸರೆತ್ತುವುದನ್ನೇ ಬಿಟ್ಟರು. ಎಲ್ಲವನ್ನೂ ಬರೆದಿಟ್ಟ ಅಜ್ಜನ ವಹಿಯಲ್ಲಿ ಅವಳದೊಂದು ಸಾಲೂ ಇಲ್ಲ.

ಅಜ್ಜ ಓದಿದ್ದರಿಂದ ತಂದೆ ಓದಿದರು, ತಂದೆಗೆ ಪುಣೆಯ ರೈಲ್ವೆಯಲ್ಲಿ ನೌಕರಿಯಾಯಿತು, ನಾವು ಬಿ. ಎ. ಮಾಡಿ ಕಚೇರಿಯ ಕುರ್ಚಿಯಲ್ಲಿ ಕುಳಿತೆವು. ಆ ಕುರ್ಚಿಯ ಕಾಲುಗಳು ಆ ಎರಡು ಎಕರೆ ಹೊಲದಲ್ಲಿ ಊರಿವೆ.

ಇದನ್ನು ಬರೆಯಬೇಕೆ ಬಿಡಬೇಕೆ ಎಂದು ಮನೆಯವರೆಲ್ಲ ಕೂಡಿ ಕೇಳಿಕೊಂಡೆವು. ಅಣ್ಣನ ಸಂಗತಿಯಲ್ಲಿ ಹೇಳಬೇಕಾದವನು ಬದುಕಿದ್ದ. ನಾವು ಅವನ ಬಾಯಿಂದ ಮಾತು ಕಸಿದುಕೊಂಡೆವು. ಇವಳ ಸಂಗತಿಯಲ್ಲಿ ಹೇಳಬೇಕಾದವಳು ಹೋಗಿಬಿಟ್ಟಿದ್ದಾಳೆ. ನಾವು ಸುಮ್ಮನಿದ್ದರೆ ಅವಳು ಎರಡನೆಯ ಸಲ ಮನೆಯಿಂದ ಹೊರಗಾಗುತ್ತಾಳೆ. ಮೊದಲನೆಯದರಲ್ಲಿ ಮೌನ ಮರ್ಯಾದೆ. ಎರಡನೆಯದರಲ್ಲಿ ಮೌನವೇ ಅನ್ಯಾಯ. ಬರೆದೆವು. ಪತ್ರದ ಆಧಾರ ಕೊಟ್ಟು, ಉಡಿಕೆಯ ಮಾತು ಅತ್ತೆಯವರು ಹೇಳಿದ್ದೆಂದು ನಮೂದಿಸಿ, ಯಾರನ್ನೂ ದೂರದೆ ಎಂಟು ಸಾಲು ಬರೆದೆವು.

ಈಗ ನಮ್ಮ ಮರದ ಮೇಲ್ವಿಚಾರಣೆ ಅಣ್ಣನ ಮಗಳದು. ಏನೇ ಹೊಸದು ಬಂದರೂ ಅವಳು ಮೊದಲು ಸಂಬಂಧಪಟ್ಟವರಿಗೆ ಓದಿ ಹೇಳುತ್ತಾಳೆ, ಒಪ್ಪಿದರೆ ಏರಿಸುತ್ತಾಳೆ. ಬೇಸಿಗೆಯಲ್ಲಿ ತಂದೆಯೊಡನೆ ಸಣ್ಣಜ್ಜಿಯ ಊರಿಗೆ ಹೋಗಿ ಬಂದಳು. ಆಮೇಲೆ ಅಣ್ಣನೇ ತನ್ನ ಪುಟದಲ್ಲಿ, ಬಂಧುಗಳಿಗಷ್ಟೇ ಕಾಣುವಂತೆ, ಹೆತ್ತ ತಾಯಿ ಸಾಕಿದ ತಾಯಿ ಇಬ್ಬರ ಹೆಸರನ್ನೂ ತನ್ನ ಕೈಯಾರೆ ಬರೆದ. ಈ ಲೇಖನವನ್ನೂ ಅಚ್ಚಿಗೆ ಕೊಡುವ ಮೊದಲು ಅವರಿಬ್ಬರಿಗೂ ಓದಿ ಹೇಳಿದ್ದೇವೆ. ಹೆಸರು ಬೇಡವೆಂದರು; ಹಾಕಿಲ್ಲ.

ವಾಚಕ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿರಿಯಳಾದ ಹೆಣ್ಣುಮಗಳ ಹತ್ತಿರ ಈ ಭಾನುವಾರವೇ ಒಂದು ನೋಟುಬುಕ್ಕು ಹಿಡಿದು ಕುಳಿತುಕೊಳ್ಳಿ. ಅವಳು ಹೇಳುವುದನ್ನೆಲ್ಲ ಬರೆದುಕೊಳ್ಳಿ. ನೋಟುಬುಕ್ಕಿನಲ್ಲಿ ಎಲ್ಲವೂ ಇರಲಿ. ಮರಕ್ಕೆ ಏರಿಸುವಾಗ ಮಾತ್ರ, ಸಂಬಂಧಪಟ್ಟವರೆಲ್ಲ ಎದುರಿಗೆ ಕುಳಿತಿದ್ದಾರೆಂದು ಭಾವಿಸಿ ಏರಿಸಿರಿ.

ಸೋಲಾಪುರದ ಕನ್ನಡ ಮನೆಗಳಿಗೂ ಈ ಸಂಚಿಕೆ ಹೋಗಬಹುದು. ರೋಣದ ಕಡೆಯಿಂದ ಬಂದು ಗಿರಣಿ ಓಣಿಯಲ್ಲಿ ಸಂಸಾರ ಹೂಡಿದ ಅಜ್ಜಿಯೊಬ್ಬಳನ್ನು ನೆನೆಯುವವರು ಅಲ್ಲಿ ಯಾರಾದರೂ ಇದ್ದರೆ, ಅವಳ ತವರುಮನೆಯ ಬಾಗಿಲು ಈಗ ತೆರೆದಿದೆ ಎಂದು ತಿಳಿಯಬೇಕು.